ಪಟ್ಟಿಯ ಮೊದಲ ಸಾಲು

ನಮ್ಮ ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಟಕಟಕ ಅಕ್ಕ ಅಂತಲೇ ಕರೆಯುತ್ತಿದ್ದರು. ಸಂಬಳದ ಪಟ್ಟಿಯಲ್ಲಿ ಅವರಿಗೆ ಬೇರೆ ಹೆಸರಿತ್ತು, ಆದರೆ ಆ ಹೆಸರು ಹಿಡಿದು ಕೂಗಿದರೆ ಅವರೇ ಬೇರೆ ಯಾರನ್ನೋ ಕರೆದರೇನೋ ಎಂದು ಹಿಂತಿರುಗಿ ನೋಡುತ್ತಿದ್ದರು. ನಾನು ಆ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಹೇಳಹೊರಟಿರುವುದು ಅವರ ಕತೆ. ಆದರೆ ಅದನ್ನು ಹಾಳು ಮಾಡಿದವನು ನಾನೇ ಆದ್ದರಿಂದ ನಡುನಡುವೆ ನಾನೂ ತಲೆ ತೂರಿಸಬೇಕಾಗುತ್ತದೆ.

ನೆಲಮಾಳಿಗೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬು. ಅದರ ಪಕ್ಕದ ಉದ್ದನೆಯ ಕೋಣೆಯಲ್ಲಿ ಅಕ್ಕನ ಮೇಜು, ಕಂಪ್ಯೂಟರು, ಒಂದು ಫೋನು. ನಡುಗೋಡೆಯಲ್ಲಿ ಒಂದು ಕಿಂಡಿ. ಕಿಂಡಿಯ ಆ ಕಡೆ ಕೂತು ಪರೀಕ್ಷೆ ಮಾಡುವವನಿಗೆ ನಾವು ಕಿಂಡಿಯಣ್ಣ ಅನ್ನುತ್ತಿದ್ದೆವು. ಅವನು ಫಲಿತಾಂಶವನ್ನು ತನ್ನ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು, ಕಿಂಡಿಗೆ ಬಾಯಿಟ್ಟು ಕೂಗಿ ಓದುತ್ತಿದ್ದ: "ಮಕ್ಕಳ ವಾರ್ಡು, ಮಕ್ಕಳ ವಾರ್ಡು. ಬೆಡ್ ಆರು. ಹಿಮೋಗ್ಲೋಬಿನ್ ಒಂಬತ್ತು ಪಾಯಿಂಟ್ ಎರಡು." ಅಕ್ಕ ಪ್ರೋಗ್ರಾಂ ತೆರೆದು, ಹನ್ನೆರಡು ವಾರ್ಡುಗಳ ಪಟ್ಟಿಯಲ್ಲಿ ಬೇಕಾದ ವಾರ್ಡಿಗೆ ಇಳಿದು, ಎಂಟರ್ ಒತ್ತಿ, ಅವನು ಹೇಳಿದ್ದನ್ನು ಟೈಪು ಮಾಡುತ್ತಿದ್ದರು. ಮತ್ತೆ ಎಂಟರ್ ಒತ್ತಿದರೆ ವರದಿ ಆ ವಾರ್ಡಿನ ಪ್ರಿಂಟರಿನಲ್ಲೇ ಅಚ್ಚಾಗಿ ಹೊರಬೀಳುತ್ತಿತ್ತು. ಯಾರೂ ಮೆಟ್ಟಿಲು ಹತ್ತಿ ಇಳಿಯಬೇಕಾಗಿರಲಿಲ್ಲ.

ಆ ಪ್ರೋಗ್ರಾಂ ನನಗಿಂತ ಮೊದಲಿದ್ದವನು ಬರೆದದ್ದು, ಅದಕ್ಕೊಂದು ಕೆಟ್ಟ ಚಾಳಿ. ಒಂದು ವರದಿ ಕಳಿಸಿದ ಕೂಡಲೇ ಅದು ತಾನೇ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ತೆರೆದರೆ ಪಟ್ಟಿಯ ಮೊದಲ ಸಾಲಿನಲ್ಲೇ ನಿಂತಿರುತ್ತಿತ್ತು. ಮೊದಲ ಸಾಲು ತುರ್ತು ಚಿಕಿತ್ಸೆ. ಹೆಂಗಸರ ವಾರ್ಡಿಗೆ ಕೆಳಗಿನ ಬಾಣದ ಕೀಲಿಯನ್ನು ನಾಲ್ಕು ಸಲ ಒತ್ತಬೇಕು, ಮಕ್ಕಳ ವಾರ್ಡಿಗೆ ಏಳು, ಹೆರಿಗೆ ವಾರ್ಡಿಗೆ ಒಂಬತ್ತು. ಮಕ್ಕಳ ವಾರ್ಡಿನದೇ ಹತ್ತು ವರದಿ ಸಾಲಾಗಿ ಬಂದರೂ ಹತ್ತು ಸಲ ಏಳೇಳು ಒತ್ತಬೇಕು. ದಿನವಿಡೀ ಆ ಕೋಣೆಯಿಂದ ಟಕ ಟಕ ಟಕ ಸದ್ದು. ಹೆಸರು ಬಂದದ್ದು ಹೀಗೆ.

ಏಳು ವರ್ಷದ ಹಿಂದೆ ಅವರೇ ನನ್ನನ್ನು ಕರೆದು ಕೇಳಿದ್ದರು. "ಏನಪ್ಪಾ, ನಾನು ಎಲ್ಲಿ ಬಿಟ್ಟಿದ್ದೆ ಅನ್ನೋದು ಇದಕ್ಕೆ ನೆನಪಿರಲ್ವಾ? ದನಕ್ಕೂ ತನ್ನ ಕೊಟ್ಟಿಗೆ ಯಾವುದು ಅಂತ ಗೊತ್ತಿರುತ್ತೆ."

"ಮಾಡೋಣ ಅಕ್ಕ, ನೋಡ್ತೀನಿ" ಅಂದೆ.

ಏನು ಮಹಾ ಕೆಲಸ ಅದು? ಮುಚ್ಚಿಕೊಳ್ಳುವಾಗ ಎಷ್ಟನೇ ಸಾಲಿನಲ್ಲಿದ್ದೆ ಎನ್ನುವುದನ್ನು ಒಂದು ಚಿಕ್ಕ ಕಡತದಲ್ಲಿ ಬರೆದಿಟ್ಟುಕೊಳ್ಳಬೇಕು, ತೆರೆಯುವಾಗ ಅದನ್ನು ಓದಿಕೊಂಡು ಅಲ್ಲಿಗೇ ಹೋಗಿ ನಿಲ್ಲಬೇಕು. ಬರೆದರೆ ಆರು ಸಾಲು. ಅವರು ಮೂರು ಸಲ ಕೇಳಿದರು, ಮೂರು ಸಲವೂ ನಾನು ನೋಡ್ತೀನಿ ಅಂದೆ. ನಾಲ್ಕನೆಯ ಸಲ ಅವರು ಕೇಳಲಿಲ್ಲ. ಸದ್ಯ, ಅಭ್ಯಾಸ ಆಯಿತಲ್ಲ ಎಂದುಕೊಂಡೆ.

ಅವರು ಹತ್ತೊಂಬತ್ತನೇ ವಯಸ್ಸಿಗೆ ಟೈಪು ಕಲಿತು ಬೇರೆ ಬೇರೆ ಕಡೆ ದುಡಿದು, ಆಮೇಲೆ ನಮ್ಮ ಆಸ್ಪತ್ರೆಗೆ ಸೇರಿದವರು. ಗಂಡ ಇಲ್ಲಿಯೇ ಆಂಬುಲೆನ್ಸ್ ಓಡಿಸುತ್ತಿದ್ದರು. ಅವರು ತೀರಿಹೋಗಿ ಹನ್ನೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆಸ್ಪತ್ರೆಯ ಹಿಂದಿನ ವಸತಿಗೃಹದಲ್ಲಿ, ಎರಡನೇ ಮಹಡಿಯ ಎರಡು ಕೋಣೆಯ ಮನೆ ಅವರದು. ಮೂವತ್ತು ವರ್ಷ ಕೆಲಸ ಪೂರೈಸಿದವರಿಗೆ ಆ ಮನೆಯನ್ನು ಬದುಕಿರುವವರೆಗೆ ಬಿಟ್ಟುಕೊಡುವುದು ನಮ್ಮ ಆಡಳಿತ ಮಂಡಳಿಯ ಹಳೆಯ ಕ್ರಮ. ಅಕ್ಕನಿಗೆ ಇಪ್ಪತ್ತೆಂಟು ವರ್ಷ ಏಳು ತಿಂಗಳಾಗಿತ್ತು. "ಇನ್ನು ಹದಿನೇಳು ತಿಂಗಳು. ಆಮೇಲೆ ಆ ಮನೆಯಿಂದ ನನ್ನನ್ನ ನಾಲ್ಕು ಜನ ಹೊತ್ತುಕೊಂಡೇ ಹೋಗಬೇಕು" ಎಂದು ಊಟದ ಹೊತ್ತಿನಲ್ಲಿ ನಗುತ್ತಿದ್ದರು. ಒಂಟಿ ಹೆಂಗಸಿಗೆ ಸೂರಿನ ಚಿಂತೆ ಸಹಜ ಎಂದು ನಾನೂ ನಕ್ಕಿದ್ದೆ.

ಕಣ್ಣಿದ್ದವರಿಗೆ ಕಾಣಬೇಕಾಗಿದ್ದ ಎಷ್ಟೋ ವಿಷಯಗಳು ನನಗೆ ಕಾಣಲಿಲ್ಲ. ಒಮ್ಮೆ ಅವರ ಕೀಲಿಮಣೆ ಶುಚಿ ಮಾಡುವಾಗ ಕೆಳಗಿನ ಬಾಣದ ಮೇಲೂ ಎಂಟರಿನ ಮೇಲೂ ಒಣಗಿದ ಗೋಂದಿನ ಸಣ್ಣ ಗುಬುಟು ಸಿಕ್ಕಿತು. ಕೊಳೆ ಎಂದು ಉಗುರಿನಿಂದ ಕೆರೆದು ತೆಗೆದೆ. ಅವತ್ತು ಮಧ್ಯಾಹ್ನದವರೆಗೆ ಅವರ ಕೆಲಸವೇ ಸಾಗಲಿಲ್ಲ. "ಅದನ್ನ ಯಾಕಪ್ಪಾ ತೆಗೆದೆ?" ಎಂದು ಅಳುವ ದನಿಯಲ್ಲಿ ಕೇಳಿದರು. ವಯಸ್ಸಾದವರ ಹುಚ್ಚು ಅಂದುಕೊಂಡೆ. ಹಾಜರಿ ಪುಸ್ತಕದಲ್ಲಿ ಸಹಿ ಹಾಕುವಾಗ ಅವರು ಸಾಲಿನ ಕೆಳಗೆ ಸ್ಕೇಲು ಇಟ್ಟುಕೊಳ್ಳುತ್ತಿದ್ದರು. ಯಾರೂ ಮಾತಾಡಿಸದಿದ್ದರೆ ತಾವಾಗಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕಿಂಡಿಯಣ್ಣ ಪ್ರತಿ ವಾರ್ಡಿನ ಹೆಸರನ್ನು ಎರಡೆರಡು ಸಲ ಕೂಗುತ್ತಿದ್ದ. "ಅಕ್ಕನಿಗೆ ಕಿವಿ ಮಂದವೇನೋ?" ಎಂದು ನಾನು ಅವನನ್ನು ಛೇಡಿಸಿದ್ದೆ. ಅವನು ನನ್ನ ಮುಖ ನೋಡಿ, ಮುಂದಿನ ವಾರ್ಡಿನ ಹೆಸರನ್ನೂ ಎರಡು ಸಲ ಕೂಗಿದ್ದ.

ಒಂದು ದಿನ ಮಧ್ಯಾಹ್ನ ಅವರ ಕೋಣೆಯಲ್ಲಿ ಯಾವುದೋ ತಂತಿ ಸರಿ ಮಾಡುತ್ತ ಎರಡು ಗಂಟೆ ನೆಲದ ಮೇಲೆ ಕೂತಿದ್ದೆ. ಎರಡು ಗಂಟೆಯೂ ಟಕ ಟಕ. ಏಳು, ನಾಲ್ಕು, ಏಳು, ಒಂಬತ್ತು, ಏಳು. ನನಗೆ ನಾಚಿಕೆಯಾಯಿತು. ಈ ಹೆಂಗಸಿನ ಬೆರಳು ಸವೆಯುತ್ತಿದೆ, ನಾನು ಆರು ಸಾಲು ಬರೆಯದೆ ಏಳು ವರ್ಷದಿಂದ ಚಹಾ ಕುಡಿದುಕೊಂಡು ಓಡಾಡುತ್ತಿದ್ದೇನೆ. ನಾಲ್ಕಕ್ಕೆ ಅವರು ಮನೆಗೆ ಹೋದರು. ಅವರು ಹೋದ ಮೇಲೆ ತುರ್ತು ವರದಿಗಳನ್ನು ಲ್ಯಾಬಿನವರೇ ಕೈಯಲ್ಲಿ ಬರೆದು ಕಳಿಸುತ್ತಾರೆ, ಆದ್ದರಿಂದ ಕಂಪ್ಯೂಟರು ಖಾಲಿ. ಐದಕ್ಕೆ ಕೂತವನು ಆರಕ್ಕೆ ಎದ್ದೆ. ಕೆಲಸ ಮುಗಿದಿತ್ತು. ಪ್ರೋಗ್ರಾಂ ತೆರೆದಾಗಲೆಲ್ಲ ಪರದೆಯ ನೆತ್ತಿಯಲ್ಲಿ ಕಾಣುವ ಹಾಗೆ ಒಂದು ಹಳದಿ ಪಟ್ಟಿಯನ್ನೂ ಸೇರಿಸಿ ದಪ್ಪ ಅಕ್ಷರದಲ್ಲಿ ಬರೆದೆ: "ಇನ್ನು ಮುಂದೆ ನೀವು ಕೊನೆಯಲ್ಲಿ ಆರಿಸಿದ ವಾರ್ಡಿನಲ್ಲೇ ಪಟ್ಟಿ ತೆರೆದುಕೊಳ್ಳುತ್ತದೆ." ನಾಳೆ ಬೆಳಿಗ್ಗೆ ಅದನ್ನು ಓದಿ ಅಕ್ಕ ಎಷ್ಟು ಖುಷಿಪಡಬಹುದು ಎಂದು ಯೋಚಿಸುತ್ತ ಮನೆಗೆ ಹೋದೆ. ಬಾಯಲ್ಲಿ ಹೇಳಬೇಕು ಅಂತ ಅನ್ನಿಸಲೇ ಇಲ್ಲ. ತಾವೇ ನೋಡಿ ಬೆರಗಾಗಲಿ ಅನ್ನುವ ಆಸೆ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ಕೇಳಿದಾಗಲೇ ಮಾಡಿಕೊಟ್ಟಿದ್ದರೆ ಅವರಿಗೆ ಅದನ್ನು ಓದಲು ಆಗುತ್ತಿತ್ತು.

ಮಾರನೆಯ ದಿನ ಒಂಬತ್ತೂವರೆಯಿಂದ ವಾರ್ಡುಗಳಿಂದ ಫೋನು ಶುರುವಾಯಿತು. ಹೆರಿಗೆ ವಾರ್ಡಿಗೆ ವರದಿ ಬಂದಿಲ್ಲ. ಹೆಂಗಸರ ವಾರ್ಡಿಗೆ ಬಂದಿಲ್ಲ. ತುರ್ತು ಚಿಕಿತ್ಸೆಗೂ ಬಂದಿಲ್ಲ. ಅಕ್ಕ ಒಂದೇ ಉತ್ತರ ಕೊಡುತ್ತಿದ್ದರು: "ಕಳಿಸಿದ್ದೀನಲ್ಲಮ್ಮ, ಪ್ರಿಂಟರ್ ನೋಡ್ಕೊಳ್ಳಿ." ಪ್ರಿಂಟರ್ ಅಂದ ಮೇಲೆ ನಾನೇ ಓಡಬೇಕು. ಒಂದೊಂದು ವಾರ್ಡಿಗೂ ಹೋಗಿ ಪ್ರಿಂಟರು ಬಿಚ್ಚಿದೆ, ಊದಿದೆ, ಮುಚ್ಚಿದೆ. ಎಲ್ಲವೂ ಸರಿಯಾಗಿದ್ದವು. ನರ್ಸುಗಳ ಬೈಗುಳ ತಿಂದು, ಪ್ರಿಂಟರು ಮಾಡಿದವನ ವಂಶವನ್ನೆಲ್ಲ ನಾನೂ ಬೈದೆ. ನನ್ನ ಆರು ಸಾಲಿನ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

ಹನ್ನೆರಡೂವರೆಗೆ ಹಳೆಯ ಕಟ್ಟಡದ ಕಾವಲುಗಾರ ಏದುಸಿರು ಬಿಡುತ್ತ ಬಂದ. "ಸಾರ್, ಬೀಗ ಹಾಕಿರೋ ವಾರ್ಡೊಳಗೆ ಯಾರೋ ಇದ್ದಾರೆ. ಬೆಳಿಗ್ಗೆಯಿಂದ ಗುರ್ ಗುರ್ ಅಂತಿದೆ. ನಾನಂತೂ ಬಾಗಿಲು ತೆಗೆಯಲ್ಲ."

ಹಳೆಯ ಕಟ್ಟಡದಲ್ಲಿ ಹಿಂದೆ ಜ್ವರದ ಕಾಲದಲ್ಲಿ ಒಂದು ತಾತ್ಕಾಲಿಕ ವಾರ್ಡು ತೆರೆದಿದ್ದರು. ಜ್ವರ ಹೋಯಿತು, ವಾರ್ಡಿಗೆ ಬೀಗ ಬಿತ್ತು. ಅಲ್ಲಿನ ಪ್ರಿಂಟರು ಮಾತ್ರ ಹಾಗೇ ಉಳಿದಿತ್ತು, ಪಟ್ಟಿಯ ಕೊನೆಯಲ್ಲಿ ಅದರ ಹೆಸರೂ ಉಳಿದಿತ್ತು. ತೆಗೆಯಬೇಕಾಗಿದ್ದವನು ನಾನು, ನಾಳೆ ತೆಗೆದರಾಯಿತು ಎಂದು ಬಿಟ್ಟಿದ್ದೆ. ಬೀಗ ತೆಗೆದು ಒಳಗೆ ಹೋದರೆ ಖಾಲಿ ಮಂಚಗಳ ನಡುವೆ, ಧೂಳಿನ ನೆಲದ ಮೇಲೆ ಬಿಳಿ ಹಾಳೆಗಳು ಹರಡಿಕೊಂಡಿದ್ದವು. ಎಣಿಸಿದೆ. ನಲವತ್ತೆರಡು. ನಾನು ನೋಡುತ್ತಿದ್ದಂತೆಯೇ ಪ್ರಿಂಟರು ಗುರ್ ಎಂದು ನಲವತ್ತಮೂರನೆಯದನ್ನು ಹೊರಹಾಕಿತು.

ನಡೆದದ್ದು ಆಗ ಹೊಳೆಯಿತು. ಬೆಳಗಿನ ಮೊದಲ ವರದಿ ಮಕ್ಕಳ ವಾರ್ಡಿನದು, ಏಳು ಸಲ ಒತ್ತಿದ್ದಾರೆ, ಸರಿಯಾಗಿ ಹೋಗಿದೆ. ಎರಡನೆಯದು ಹೆಂಗಸರದು. ಪ್ರೋಗ್ರಾಂ ಈ ಸಲ ಮಕ್ಕಳ ವಾರ್ಡಿನಲ್ಲೇ ತೆರೆದುಕೊಂಡಿದೆ, ಅಕ್ಕ ಎಂದಿನಂತೆ ನಾಲ್ಕು ಸಲ ಒತ್ತಿದ್ದಾರೆ. ಏಳಕ್ಕೆ ನಾಲ್ಕು ಸೇರಿ ಹನ್ನೊಂದು, ಪಟ್ಟಿಯ ಕಟ್ಟಕಡೆಯ ಸಾಲು. ಅಲ್ಲಿಂದ ಕೆಳಕ್ಕೆ ಜಾಗವಿಲ್ಲ. ಆಮೇಲೆ ಅವರು ಎಷ್ಟು ಒತ್ತಿದರೂ, ಒತ್ತದೇ ಬಿಟ್ಟರೂ, ಎಲ್ಲವೂ ಈ ಬೀಗದ ಕೋಣೆಗೇ ಬಂದು ಬಿದ್ದಿವೆ. ಹಾಳೆಗಳ ಮೇಲೆ ರೋಗಿಯ ಹೆಸರಿರುವುದಿಲ್ಲ, ವಾರ್ಡು ಮತ್ತು ಬೆಡ್ ನಂಬರು ಅಷ್ಟೇ. ಎಲ್ಲ ಹಾಳೆಯ ಮೇಲೂ ತಾತ್ಕಾಲಿಕ ವಾರ್ಡು ಎಂದೇ ಇತ್ತು. ಕಿಂಡಿಯಣ್ಣನ ನೋಟ್‌ಬುಕ್ಕಿನೊಂದಿಗೆ ಒಂದೊಂದನ್ನೂ ತಾಳೆ ನೋಡಿ ವಿಂಗಡಿಸುವ ಹೊತ್ತಿಗೆ ಎರಡು ಗಂಟೆಯಾಯಿತು. ಎರಡು ಆಪರೇಷನ್ ಮುಂದಕ್ಕೆ ಹೋದವು. ಗಂಡಸರ ವಾರ್ಡಿನಲ್ಲಿ ಒಬ್ಬರಿಗೆ ರಕ್ತ ಕೊಡುವುದು ಮೂರು ಗಂಟೆ ತಡವಾಗಿ, ಅವರ ಕಡೆಯವರು ಗಲಾಟೆ ಎಬ್ಬಿಸಿದರು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಪುಣ್ಯ.

ಮೂರು ಗಂಟೆಗೆ ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಅಕ್ಕ, ಕಿಂಡಿಯಣ್ಣ, ನಾನು ಮೂವರನ್ನೂ ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಆ ಹಾಳೆಗಳ ಕಟ್ಟು ಇತ್ತು.

"ನಿನ್ನೆವರೆಗೆ ಸರಿಯಾಗಿತ್ತಲ್ಲ. ಇವತ್ತೇನಾಯ್ತು?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಂದರು, "ತಪ್ಪು ನಂದೇ ಡಾಕ್ಟ್ರೇ. ಗಮನ ಎಲ್ಲೋ ಇತ್ತು. ಇನ್ನೊಂದು ಸಲ ಹೀಗಾಗಲ್ಲ."

"ಪ್ರೋಗ್ರಾಂ ಬದಲಾಯಿಸಿದಾರೆ ಸಾರ್" ಎಂದ ಕಿಂಡಿಯಣ್ಣ. "ನಮಗೆ ಒಂದು ಮಾತು ಹೇಳಿಲ್ಲ. ಹೇಳಿದ್ದಿದ್ರೆ ಇದೆಲ್ಲ ಆಗ್ತಿರ್ಲಿಲ್ಲ."

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರಿಗೂ ಸಾಕಾಗಿತ್ತು. "ಸರಿ, ಹೊಸ ಬದಲಾವಣೆ, ಗೊಂದಲ ಆಗಿದೆ. ಮೂವರೂ ಒಂದೊಂದು ಪತ್ರ ಬರೆದುಕೊಡಿ. ಇನ್ನು ಮೇಲೆ ಏನೇ ಬದಲಾಯಿಸಿದ್ರೂ ಮೊದಲು ಎಲ್ಲರಿಗೂ ತಿಳಿಸಬೇಕು. ಹೋಗಿ."

ಅಲ್ಲಿಗೆ ಮುಗಿದಿತ್ತು. ಅಕ್ಕ ಆಗಲೇ ಎದ್ದು ನಿಂತು ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ನನಗೆ ಮಾತ್ರ ತಡೆಯಲಾಗಲಿಲ್ಲ. ಬೆಳಗಿನಿಂದ ತಿಂದ ಬೈಗುಳವೆಲ್ಲ ಗಂಟಲಿಗೆ ಬಂದಿತ್ತು.

"ತಿಳಿಸದೆ ಏನು ಸಾರ್? ಪರದೆ ಮೇಲೆ ಹಳದಿ ಬಣ್ಣದಲ್ಲಿ, ನನ್ನ ಹೆಬ್ಬೆರಳಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಒಂದಲ್ಲ ಎರಡಲ್ಲ, ನಲವತ್ತನಾಲ್ಕು ಸಲ ಅವರ ಕಣ್ಣ ಮುಂದೆ ಬಂದಿದೆ. ಕುರುಡರಿಗೂ ಕಾಣೋ ಹಾಗಿತ್ತು. ಅದನ್ನ ಓದದೇ ಇದ್ರೆ ನಾನೇನು ಮಾಡ್ಲಿ?"

ಕಿಂಡಿಯಣ್ಣ ನನ್ನ ಕೈ ಹಿಡಿದು ಎಳೆದ. ಅಷ್ಟರಲ್ಲಿ ನಾನು ಹೇಳಿ ಮುಗಿಸಿಬಿಟ್ಟಿದ್ದೆ.

ದೊಡ್ಡ ಡಾಕ್ಟರು ಅಕ್ಕನ ಕಣ್ಣುಗಳನ್ನೇ ನೋಡಿದರು. ಎಷ್ಟೆಂದರೂ ಡಾಕ್ಟರು. ಆಮೇಲೆ ಕಟ್ಟಿನಿಂದ ಒಂದು ಹಾಳೆ ತೆಗೆದು, ಮೆಲ್ಲಗೆ ಅವರ ಕೈಗಿಟ್ಟರು. "ಅಮ್ಮಾ, ಇದರಲ್ಲಿ ಬೆಡ್ ನಂಬರ್ ಎಷ್ಟಿದೆ, ಸ್ವಲ್ಪ ಓದಿ."

ಅಕ್ಕ ಕನ್ನಡಕ ತೆಗೆದು ಕರ್ಚೀಫಿನಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ಹಾಳೆಯನ್ನು ಮುಖದ ಹತ್ತಿರ ತಂದು, ಕತ್ತು ಓರೆ ಮಾಡಿ, ಕಣ್ಣಿನ ಅಂಚಿನಿಂದ ನೋಡಿದರು.

"ಆರು" ಅಂದರು.

ಅವರು ಹಿಡಿದಿದ್ದದ್ದು ಹಾಳೆಯ ಹಿಂಬದಿ. ಅಲ್ಲಿ ಏನೂ ಬರೆದಿರಲಿಲ್ಲ.

"ಯಾವಾಗಿಂದ ಅಮ್ಮಾ?"

"ಐದು ವರ್ಷ ಆಯ್ತು ಡಾಕ್ಟ್ರೇ. ಎಲ್ಲಿ ನೋಡಿದ್ರೂ ನಡುವೆ ಒಂದು ಮಸಿ ಬಳಿದ ಹಾಗೆ. ಅಂಚಲ್ಲಿ ಸ್ವಲ್ಪ ಬೆಳಕು ಕಾಣುತ್ತೆ."

"ಇಷ್ಟು ದೊಡ್ಡ ಆಸ್ಪತ್ರೇಲಿ ಇದ್ಕೊಂಡು ಯಾರಿಗೂ ತೋರಿಸ್ಲಿಲ್ವಾ?"

"ಬೇರೆ ಕಡೆ ತೋರಿಸಿದೆ. ವಾಸಿ ಆಗೋದಲ್ಲ ಅಂದ್ರು. ಇಲ್ಲಿ ತೋರಿಸಿದ್ರೆ ನನ್ನ ಕುರ್ಚಿ ಹೋಗ್ತಿತ್ತು. ಕೆಲಸದಲ್ಲಿ ಒಂದು ತಪ್ಪು ಮಾಡಿಲ್ಲ ಡಾಕ್ಟ್ರೇ. ಐದು ವರ್ಷದಲ್ಲಿ ಒಂದೇ ಒಂದೂ ಇಲ್ಲ. ಬೇಕಾದ್ರೆ ಇವ್ನನ್ನ ಕೇಳಿ." ಅವರು ಕಿಂಡಿಯಣ್ಣ ಇದ್ದಾನೆಂದುಕೊಂಡು ನನ್ನ ಕಡೆ ಕೈ ತೋರಿಸಿದರು.

ಕಿಂಡಿಯಣ್ಣ ಅಳುತ್ತಿದ್ದ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೊತ್ತಾದ ಮೇಲೆ ದೊಡ್ಡ ಡಾಕ್ಟರಿಗೂ ಸುಮ್ಮನಿರಲು ದಾರಿಯಿರಲಿಲ್ಲ. ವರದಿ ಕಳಿಸುವ ಜಾಗದಲ್ಲಿ ಕಣ್ಣಿಲ್ಲದವರನ್ನು ಕೂರಿಸಿದ್ದೀರಿ ಎಂದು ನಾಳೆ ಯಾರಾದರೂ ಕೇಳಿದರೆ ಅವರು ಉತ್ತರ ಕೊಡಬೇಕು. ಎರಡು ತಿಂಗಳ ರಜೆ, ಆಮೇಲೆ ಬಿಡುಗಡೆ. ಇಪ್ಪತ್ತೆಂಟು ವರ್ಷ ಒಂಬತ್ತು ತಿಂಗಳು. ಮೂವತ್ತಕ್ಕೆ ಹದಿನೈದು ತಿಂಗಳು ಕಡಿಮೆ. ತಪ್ಪೆಲ್ಲ ನನ್ನದು, ಮನೆಯನ್ನಾದರೂ ಬಿಟ್ಟುಕೊಡಿ ಎಂದು ಆಡಳಿತ ಮಂಡಳಿಗೆ ನಾಲ್ಕು ಪುಟದ ಪತ್ರ ಬರೆದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಒಬ್ಬರಿಗೆ ನಿಯಮ ಮುರಿದರೆ ಎಲ್ಲರಿಗೂ ಮುರಿಯಬೇಕಾಗುತ್ತದೆ ಎಂದು ಎರಡು ಸಾಲಿನ ಉತ್ತರ ಬಂತು.

ಮನೆ ಖಾಲಿ ಮಾಡುವ ದಿನ ಸಾಮಾನು ಇಳಿಸಲು ನಾನೂ ಹೋದೆ. ಬೇಡ ಅನ್ನುತ್ತಾರೇನೋ ಎಂದು ಹೆದರಿದ್ದೆ, ಅನ್ನಲಿಲ್ಲ. ಆ ಮನೆ ಯಾಕೆ ಅವರಿಗೆ ಅಷ್ಟು ಬೇಕಾಗಿತ್ತು ಎನ್ನುವುದು ಅವತ್ತು ತಿಳಿಯಿತು. ಮನೆಯೊಳಗೆ ಅವರು ಕಣ್ಣಿದ್ದವರಿಗಿಂತ ಚುರುಕಾಗಿ ಓಡಾಡುತ್ತಿದ್ದರು. ಬಾಗಿಲಿಂದ ಒಲೆಗೆ ಆರು ಹೆಜ್ಜೆ. ಒಲೆಯಿಂದ ನಲ್ಲಿಗೆ ಎರಡು. ಮಂಚದಿಂದ ಬಚ್ಚಲಿಗೆ ಎಂಟು. ಮೂವತ್ತಾರು ಮೆಟ್ಟಿಲು ಇಳಿದು, ಅಂಗಳದಲ್ಲಿ ಐವತ್ತೆರಡು ಹೆಜ್ಜೆ ನಡೆದು, ಎಡಕ್ಕೆ ತಿರುಗಿ ಹದಿನಾಲ್ಕು ಮೆಟ್ಟಿಲು ಇಳಿದರೆ ಅವರ ಮೇಜು. ಇದ್ದ ಬೆಳಕು ಆರುವುದರೊಳಗೆ ಐದು ವರ್ಷ ಕೂತು ಒಂದೊಂದನ್ನೂ ಎಣಿಸಿ ಇಟ್ಟುಕೊಂಡಿದ್ದರು. ಕೊನೆಯ ಸಲ ಮೆಟ್ಟಿಲು ಇಳಿಯುವಾಗಲೂ ತುಟಿ ಅಲ್ಲಾಡುತ್ತಿತ್ತು. ಮೂವತ್ತಾರಾದ ಮೇಲೆ ಕಂಬಿ ಬಿಟ್ಟು, ನನ್ನ ತೋಳು ಹಿಡಿದುಕೊಂಡರು.

ಅವರು ಹೋದದ್ದು ತಮ್ಮನ ಮನೆಗೆ. ಅವರ ಜಾಗಕ್ಕೆ ಹೊಸ ಹುಡುಗಿ ಬಂದಳು. ನನ್ನ ಆರು ಸಾಲನ್ನು ಕಿತ್ತುಹಾಕುತ್ತೇನೆ ಎಂದು ನಾನು ಹೋದರೆ, "ಬೇಡ ಸಾರ್, ಎಲ್ಲಿ ಬಿಟ್ಟಿದ್ನೋ ಅಲ್ಲೇ ಇರುತ್ತೆ, ಎಷ್ಟು ಸಲೀಸು" ಅಂದಳು. ಬಿಟ್ಟೆ. ಕಿಂಡಿಯಣ್ಣ ಈಗಲೂ ವಾರ್ಡಿನ ಹೆಸರನ್ನು ಎರಡು ಸಲ ಕೂಗುತ್ತಾನೆ. ನನ್ನೊಂದಿಗೆ ಮಾತು ಬಿಟ್ಟಿದ್ದಾನೆ.

ನಾಲ್ಕು ತಿಂಗಳು ಬೇಕಾಯಿತು, ಅಕ್ಕನನ್ನು ನೋಡಿ ಬರುವ ಧೈರ್ಯ ಬರಲು. ತಮ್ಮನ ಹೆಂಡತಿ ಬಾಗಿಲು ತೆಗೆದರು. ಕೆಟ್ಟವರಲ್ಲ, ನಗುಮುಖದವರು, ಮನೆ ಕನ್ನಡಿಯ ಹಾಗಿತ್ತು. ಅಕ್ಕ ಕಿಟಕಿಯ ಪಕ್ಕ ಕೈಯಿರುವ ಕುರ್ಚಿಯಲ್ಲಿ ಕೂತಿದ್ದರು. ಮೊಣಕಾಲಿನ ಕೆಳಗೆ ಎರಡೂ ಕಾಲಿನಲ್ಲಿ ನೀಲಿಗಟ್ಟಿದ ಗಾಯ.

"ಬಿದ್ರಾ ಅಕ್ಕ?"

"ಬೀಳಲ್ಲಪ್ಪ, ತಗಲುತ್ತೆ. ಇವಳು ತುಂಬ ಅಚ್ಚುಕಟ್ಟು. ದಿನಾ ಗುಡಿಸಿ ಒರೆಸ್ತಾಳೆ. ನಿನ್ನೆ ಇದ್ದ ಸ್ಟೂಲು ಇವತ್ತು ಅಲ್ಲಿರಲ್ಲ. ಬೆಳಿಗ್ಗೆ ಎಣಿಸಿಟ್ಟುಕೊಂಡಿದ್ದು ಸಂಜೆಗೆ ಸುಳ್ಳು. ಅದಕ್ಕೇ ಈಗ ಏಳೋದೇ ಕಡಿಮೆ ಮಾಡಿದೀನಿ."

"ಹೇಳಬಾರದಾ ಅವರಿಗೆ, ಹಾಗೇ ಇರಲಿ ಅಂತ?"

"ಅವರ ಮನೆ ಅಲ್ವಾ" ಅಂದರು. ಕುರ್ಚಿಯ ಕೈಯನ್ನು ಸವರುತ್ತ ಮುಂದುವರಿಸಿದರು, "ಆ ಪಟ್ಟೀಲಿ ನಾನು ಪ್ರತಿ ಸಲ ಮೊದಲಿಂದ ಶುರು ಮಾಡ್ತೀನಿ ಅಂತ ನಿನಗೆ ಪಾಪ ಅನ್ನಿಸ್ತು. ಮೊದಲು ಅನ್ನೋದೊಂದು ಇತ್ತಲ್ಲಪ್ಪ ಅಲ್ಲಿ. ಅದು ಸಾಕಾಗಿತ್ತು ನನಗೆ."

"ಕ್ಷಮಿಸಿ ಅಕ್ಕ."

"ಪ್ರೋಗ್ರಾಂ ಬದಲಾಯಿಸಿದ್ದಕ್ಕೆ ಕ್ಷಮೆ ಯಾಕೆ? ಒಳ್ಳೇದಕ್ಕೇ ಮಾಡಿದೆ ಬಿಡು. ಆದರೆ ಅವತ್ತು ಆ ಕೋಣೇಲಿ ನೀನು ಸುಮ್ಮನಿದ್ದಿದ್ರೆ ಆಗ್ತಿತ್ತು."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ತಲೆ ತಗ್ಗಿಸಿ ಕೂತೆ, ಅದು ಅವರಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದರೂ. ತಮ್ಮನ ಹೆಂಡತಿ ಚಹಾ ತಂದುಕೊಟ್ಟರು. ಲೋಟವನ್ನು ಅಕ್ಕನ ಕೈಗೇ ಹಿಡಿಸಿದರು. ಕುಡಿದು ಎದ್ದು ನಿಂತಾಗ ಅಕ್ಕ ಕೇಳಿದರು:

"ಈಗ ಅದು ಎಲ್ಲಿ ತೆರ್ಕೊಳ್ಳುತ್ತೆ?"

"ಮೊದಲ ಸಾಲಲ್ಲೇ ಅಕ್ಕ. ಹಳೇ ಥರಾನೇ ಮಾಡಿಬಿಟ್ಟೆ."

ಸುಳ್ಳು ಸಲೀಸಾಗಿ ಬಂತು. ಅವರ ಮುಖ ಅರಳಿತು. ನಾನು ಆ ಮನೆಗೆ ಕಾಲಿಟ್ಟಾಗಿನಿಂದ ಅವರು ನಕ್ಕದ್ದು ಅದೇ ಮೊದಲು.

"ಸರಿ ಹಾಗಾದ್ರೆ. ಯಾವತ್ತಾದ್ರೂ ಆ ಹುಡುಗಿ ರಜೆ ಹಾಕಿದ್ರೆ, ಒಂದು ದಿನದ ಮಟ್ಟಿಗೆ ಕರೆದರೂ ಬಂದು ಕೂರಬಹುದು. ದೊಡ್ಡ ಡಾಕ್ಟ್ರಿಗೆ ಒಂದು ಮಾತು ಹೇಳಿರು. ನನಗೆ ಒಂದೂ ಮರೆತಿಲ್ಲ. ಮಕ್ಕಳ ವಾರ್ಡು ಎಷ್ಟು, ಹೇಳ್ಲಾ?"

ನನ್ನ ಉತ್ತರಕ್ಕೆ ಕಾಯಲಿಲ್ಲ. ಬಲಗೈಯ ಬೆರಳು ಕುರ್ಚಿಯ ಕೈಯ ಮೇಲೆ ತಟ್ಟತೊಡಗಿತು. ಟಕ ಟಕ ಟಕ. ನಾನು ಬಾಗಿಲಲ್ಲಿ ನಿಂತು ಏಳರವರೆಗೆ ಎಣಿಸಿದೆ.